ಹಳೇ ಡೆಸ್ಕ್‌ಟಾಪ್ ಕೆಟ್ಟಿದೆ: ರಿಪೇರಿ ಮಾಡಬೇಕೋ, ಭಾಗ ಬದಲಿಸಬೇಕೋ, ಎಮ್ಯುಲೇಟರ್ ಸಾಕೋ?

ಬಹಳ ವರ್ಷ ಮೂಲೆಯಲ್ಲಿದ್ದ ಡೆಸ್ಕ್‌ಟಾಪನ್ನು ಹೊರಗೆ ತೆಗೆದಾಗ ಎಲ್ಲರ ಕೈ ಮೊದಲು ಹೋಗುವುದು ಪವರ್ ಕಾರ್ಡಿನ ಕಡೆಗೆ. ದಯವಿಟ್ಟು ಪ್ಲಗ್ ಹಾಕಬೇಡಿ. ಹತ್ತಿಪ್ಪತ್ತು ವರ್ಷ ಕರೆಂಟನ್ನೇ ಕಾಣದ ಯಂತ್ರದೊಳಗೆ ಏನು ಒಣಗಿದೆ, ಏನು ಸೋರಿದೆ, ಯಾವುದು ಶಾರ್ಟ್ ಆಗಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಒಂದು ಸಣ್ಣ ಕೆಪಾಸಿಟರ್ (ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಬಿಡಿಭಾಗ) ಬದಲಿಸಿದ್ದರೆ ಉಳಿಯುತ್ತಿದ್ದ ಯಂತ್ರ, ಅವಸರಕ್ಕೆ ಸ್ವಿಚ್ ಒತ್ತಿದ್ದರಿಂದ ಮದರ್‌ಬೋರ್ಡನ್ನೇ ಕಳೆದುಕೊಳ್ಳಬಹುದು. ಮೊದಲು ಕವರ್ ಬಿಚ್ಚಿ. ಯಾವ ಕೇಬಲ್ ಯಾವ ಕಡೆ ಮುಖ ಮಾಡಿದೆ, ಯಾವ ಜಂಪರ್ (ಎರಡು ಪಿನ್ನುಗಳನ್ನು ಜೋಡಿಸುವ ಪುಟ್ಟ ಟೊಪ್ಪಿ) ಎಲ್ಲಿ ಕೂತಿದೆ, ಯಾವ ಕಾರ್ಡ್ ಯಾವ ಸ್ಲಾಟಿನಲ್ಲಿದೆ ಎಲ್ಲವನ್ನೂ ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಎಲ್ಲಿದೆ ಎಂದು ಹುಡುಕಿ. ಆಮೇಲೆ ಸಮಾಧಾನವಾಗಿ ಕೂತು ಒಂದು ಪ್ರಶ್ನೆ ಕೇಳಿಕೊಳ್ಳಿ: ನನಗೆ ವಾಪಸ್ ಬೇಕಾಗಿರುವುದು ಏನು?

ಒಬ್ಬರಿಗೆ ಬೇಕಾಗಿರುವುದು ಒಳಗಿನ ಫೈಲುಗಳು. ಇನ್ನೊಬ್ಬರಿಗೆ ಆ ಕಾಲದ ಆಟ, ಆ ಕಾಲದ ಸಾಫ್ಟ್‌ವೇರ್. ಮತ್ತೊಬ್ಬರಿಗೆ ಆ ಯಂತ್ರವೇ ಬೇಕು: ಅದೇ ಕೀಬೋರ್ಡಿನ ಟಕಟಕ, ಅದೇ ಫ್ಲಾಪಿ ಡ್ರೈವಿನ ಗೊರಗೊರ. ಮೂರೂ ಬೇರೆ ಬೇರೆ ಕೆಲಸ. ಇದನ್ನು ಬಿಡಿಸಿ ನೋಡದೆ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಂಡವರು ಎಷ್ಟೋ ಸಲ ಬೇಡದ ಕಷ್ಟಕ್ಕೆ ಸಿಕ್ಕಿಕೊಂಡಿದ್ದಾರೆ.

ದಾರಿಗಳು ಐದಿವೆ. ಕೆಟ್ಟ ಬಿಡಿಭಾಗವನ್ನೇ ಹುಡುಕಿ ಬೆಸುಗೆ ಬಿಚ್ಚಿ ಸರಿಮಾಡುವುದು. ಅದೇ ಕಾಲದ ಇನ್ನೊಂದು ಯಂತ್ರದಿಂದ ಇಡೀ ಬೋರ್ಡನ್ನೋ ಡ್ರೈವನ್ನೋ ತಂದು ಹಾಕುವುದು. ಹಳೇ ಭಾಗದ ಜಾಗಕ್ಕೆ ಇಂದಿನ ಭಾಗ ಕೂಡಿಸುವುದು. ಯಂತ್ರವನ್ನು ಮುಟ್ಟದೆ, ಹಳೇ ಕಂಪ್ಯೂಟರಿನಂತೆ ನಡೆದುಕೊಳ್ಳುವ ತಂತ್ರಾಂಶವಾದ ಎಮ್ಯುಲೇಟರಿನಲ್ಲಿ ಕೆಲಸ ಮುಗಿಸುವುದು. ಇಲ್ಲವೇ ಬಲ್ಲವರ ಕೈಗೆ ಕೊಡುವುದು. ಇವುಗಳಲ್ಲಿ ಇಡೀ ಯಂತ್ರಕ್ಕೆ ಒಂದೇ ದಾರಿ ಆರಿಸಬೇಕೆಂದು ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಆಯ್ಕೆ ಮಾಡಬೇಕಾದದ್ದು ಒಂದೊಂದು ಭಾಗಕ್ಕೆ. ನಾನು ಅಳೆಯುವುದು ಒಂದೇ ಅಳತೆಯಿಂದ: ಈಗ ಮಾಡುತ್ತಿರುವುದನ್ನು ನಾಳೆ ಬಿಚ್ಚಿ ಮೊದಲಿದ್ದ ಹಾಗೆ ಮಾಡಲು ಆಗುತ್ತದೆಯೇ? ಆಗುವುದಾದರೆ ಧೈರ್ಯವಾಗಿ ಮಾಡಿ. ಆಗದಿದ್ದರೆ ಇನ್ನೊಂದು ದಿನ ಯೋಚಿಸಿ.

ಫೈಲುಗಳಷ್ಟೇ ಬೇಕಿದ್ದರೆ

ಹಾಗಾದರೆ ಕಂಪ್ಯೂಟರ್ ರಿಪೇರಿ ಮಾಡಬೇಡಿ. ಹಾರ್ಡ್ ಡಿಸ್ಕ್ ಬಿಚ್ಚಿ. 40 ಪಿನ್ನಿನ ಐಡಿಇ (ಆ ಕಾಲದ ಹಾರ್ಡ್ ಡಿಸ್ಕ್ ಜೋಡಣೆಯ ರೀತಿ) ಡ್ರೈವ್ ಆಗಿದ್ದರೆ ಯುಎಸ್‌ಬಿ ಅಡಾಪ್ಟರ್ ಮೂಲಕ ಇಂದಿನ ಕಂಪ್ಯೂಟರಿಗೆ ಜೋಡಿಸಬಹುದು. ಇಲ್ಲೊಂದು ತೊಡಕಿದೆ. 1990ರ ದಶಕದ ಆರಂಭದ ಚಿಕ್ಕ ಡ್ರೈವುಗಳಿಗೆ ಎಲ್‌ಬಿಎ ಎಂಬ, ಡಿಸ್ಕಿನ ಜಾಗಗಳಿಗೆ ಒಂದೇ ಸಾಲಿನಲ್ಲಿ ಸಂಖ್ಯೆ ಕೊಡುವ ವಿಳಾಸ ಪದ್ಧತಿ ಗೊತ್ತಿಲ್ಲ. ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಸಂಖ್ಯೆಗಳ ಹಳೇ ಲೆಕ್ಕವೇ ಬೇಕು. ಹೆಚ್ಚಿನ ಯುಎಸ್‌ಬಿ ಅಡಾಪ್ಟರುಗಳು ಅಂಥ ಡ್ರೈವನ್ನು ಗುರುತಿಸುವುದೇ ಇಲ್ಲ. ಡ್ರೈವ್ ಸತ್ತಿದೆ ಎಂದು ಕೈಬಿಡುವ ಮೊದಲು, ಮದರ್‌ಬೋರ್ಡಿನಲ್ಲೇ ಐಡಿಇ ಕನೆಕ್ಟರ್ ಇರುವ ಪೆಂಟಿಯಮ್ ಕಾಲದ ಯಂತ್ರವೊಂದಕ್ಕೆ ಹಾಕಿ ನೋಡಿ.

ಡ್ರೈವ್ ತಿರುಗಿತು ಎಂದ ಕೂಡಲೇ ಫೋಲ್ಡರ್ ತೆರೆದು ಒಂದೊಂದೇ ಫೈಲ್ ನೋಡುತ್ತಾ ಕೂರಬೇಡಿ. ಡಿಸ್ಕಿನ ದೋಷ ತಿದ್ದುವ ಸ್ಕ್ಯಾನ್‌ಡಿಸ್ಕ್ ಅಂತೂ ಓಡಿಸಲೇಬೇಡಿ, ಅದು ಡಿಸ್ಕಿನ ಮೇಲೆ ಬರೆಯುತ್ತದೆ. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ ಇಡೀ ಡಿಸ್ಕಿನ ಇಮೇಜ್ (ಒಂದೇ ಫೈಲಿನಲ್ಲಿ ಪೂರ್ತಿ ಪ್ರತಿ) ತೆಗೆಯಿರಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕವನ್ನೂ ಇಟ್ಟುಕೊಳ್ಳುತ್ತದೆ. ಹಳೇ ಡ್ರೈವ್ ಎಷ್ಟು ಹೊತ್ತು ಬದುಕಿರುತ್ತದೋ ಹೇಳಲಾಗುವುದಿಲ್ಲ, ಸಿಕ್ಕಷ್ಟನ್ನು ಮೊದಲು ಬಾಚಿಕೊಳ್ಳಬೇಕು.

ಐಡಿಇಗಿಂತ ಹಿಂದಿನ ಎಂಎಫ್‌ಎಂ ಡ್ರೈವ್ ಆಗಿದ್ದರೆ (ಎರಡು ಚಪ್ಪಟೆ ಕೇಬಲ್ ಇರುತ್ತವೆ, ಒಂದು 34 ಪಿನ್, ಒಂದು 20) ಮಾತೇ ಬೇರೆ. ಆ ಡ್ರೈವೂ ಅದರ ಕಂಟ್ರೋಲರ್ ಕಾರ್ಡೂ ಜೋಡಿ. ಒಂದು ಕಾರ್ಡ್ ಫಾರ್ಮ್ಯಾಟ್ ಮಾಡಿದ್ದನ್ನು ಬೇರೆ ಮಾದರಿಯ ಕಾರ್ಡ್ ಓದುತ್ತದೆಂಬ ಭರವಸೆ ಇಲ್ಲ. ಇಂಥ ಡ್ರೈವಿನಲ್ಲಿ ಫೈಲಿದ್ದರೆ ಯಂತ್ರವನ್ನೇ ಎದ್ದು ನಿಲ್ಲಿಸಬೇಕಾಗುತ್ತದೆ, ಇಲ್ಲವೇ ಎಂಎಫ್‌ಎಂ ಸಿಗ್ನಲನ್ನು ನೇರವಾಗಿ ಹಿಡಿಯುವ ರೀಡರ್ ಬೋರ್ಡ್ ಇರುವವರನ್ನು ಹುಡುಕಬೇಕು. ಫ್ಲಾಪಿಗಳಿದ್ದರೆ ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡ್ ಸಾಕು. ಸಾಮಾನ್ಯ ಫ್ಲಾಪಿ ಡ್ರೈವಿಗೆ ಜೋಡಿಸಿದರೆ ಐಬಿಎಂ, ಕಮೊಡೋರ್, ಅಮಿಗಾ ಎಂಬ ಆ ಕಾಲದ ಯಾವ ಕಂಪ್ಯೂಟರಿನದು ಎನ್ನದೆ ತಟ್ಟೆಯ ಮೇಲಿನ ಕಾಂತೀಯ ಬದಲಾವಣೆಗಳನ್ನೇ ದಾಖಲಿಸುತ್ತದೆ. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೇ ತುರುಕಬೇಡಿ. ಆ ಫ್ಲಾಪಿಯೂ ಹಾಳು, ಹೆಡ್ಡಿಗೆ ಮೆತ್ತಿಕೊಂಡ ಕೊಳೆಯಿಂದ ಮುಂದಿನದ್ದೂ ಹಾಳು.

ಆಟ, ಸಾಫ್ಟ್‌ವೇರ್ ಬೇಕಿದ್ದರೆ

ಇದನ್ನು ಕೇಳಿ ಹಳೇ ಯಂತ್ರದ ಅಭಿಮಾನಿಗಳು ಸಿಟ್ಟಾಗಬಾರದು: ಬಹಳ ಜನರಿಗೆ ಎಮ್ಯುಲೇಟರೇ ಸರಿಯಾದ ಉತ್ತರ. ಡಾಸ್ (ವಿಂಡೋಸಿಗೆ ಮುಂಚಿನ ಕಾರ್ಯವ್ಯವಸ್ಥೆ) ಆಟಗಳಿಗೆ ಡಾಸ್‌ಬಾಕ್ಸ್, ಕಮೊಡೋರ್‌ಗೆ ವೈಸ್, ಅಮಿಗಾಗೆ ವಿನ್‌ಯುಎಇ ಇವೆ. 86ಬಾಕ್ಸ್ ಇನ್ನೂ ಮುಂದೆ ಹೋಗಿ, ಇಂಥದ್ದೇ ಮದರ್‌ಬೋರ್ಡ್, ಇಂಥದ್ದೇ ವಿಡಿಯೊ ಕಾರ್ಡ್ ಎಂದು ಆರಿಸಿ ಇಡೀ ಯಂತ್ರವನ್ನು ಕಟ್ಟಲು ಬಿಡುತ್ತದೆ. ಎಮ್ಯುಲೇಟರಿಗೂ ನಿಜವಾದ ಯಂತ್ರಕ್ಕೂ ನಡುವೆ ಮಿಸ್ಟರ್ ಎಂಬ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬೇಕಾದಂತೆ ಜೋಡಿಸಬಹುದಾದ ಚಿಪ್) ಯೋಜನೆಯಿದೆ. ಅಲ್ಲಿ ಹಳೇ ಚಿಪ್ಪಿನ ನಡೆಯನ್ನು ತಂತ್ರಾಂಶದಲ್ಲಿ ಅನುಕರಿಸುವುದಿಲ್ಲ, ಹೊಸ ಚಿಪ್ಪಿನೊಳಗೆ ಅದರ ಸರ್ಕ್ಯೂಟನ್ನೇ ಮತ್ತೆ ಹೆಣೆಯುತ್ತಾರೆ. ಹಾಗಾಗಿ ಕೀಲಿ ಒತ್ತಿದ್ದಕ್ಕೂ ತೆರೆ ಬದಲಾಗುವುದಕ್ಕೂ ನಡುವಿನ ವಿಳಂಬ ಕಡಿಮೆ.

ಎಮ್ಯುಲೇಟರ್ ಕೈಕೊಡುವುದು ಯಂತ್ರಕ್ಕೆ ಹೊರಗಿನ ಸಾಮಾನು ಅಂಟಿಕೊಂಡಿದ್ದಾಗ. ಲೇತ್ ನಡೆಸುವ ಐಎಸ್‌ಎ ಕಾರ್ಡ್ (ಹಳೇ ಪಿಸಿಯ ಸ್ಲಾಟಿಗೆ ಹಾಕುವ ಕಾರ್ಡ್), ಪ್ರಯೋಗಾಲಯದ ಉಪಕರಣ, ಪ್ರಿಂಟರಿನ ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಪರವಾನಗಿ ಕೀಲಿಯಾದ ಡಾಂಗಲ್ ಇದ್ದರಷ್ಟೇ ಏಳುವ ಸಾಫ್ಟ್‌ವೇರ್, ಇಂಥ ಕಡೆ ರಿಪೇರಿಗೆ ಬದಲಿಯಿಲ್ಲ. ಯಂತ್ರದ ಮೇಲೇ ಪ್ರೀತಿ ಇದ್ದಾಗಲೂ ಇಲ್ಲ. ಮುಂದಿನದ್ದೆಲ್ಲ ಅಂಥವರಿಗಾಗಿ.

ಬ್ಯಾಟರಿ: ಇಲ್ಲಿ ಆಯ್ಕೆಯೇ ಇಲ್ಲ

ಯಂತ್ರ ಓಡುತ್ತಿರಲಿ, ಸತ್ತಿರಲಿ, ರಿಪೇರಿ ಮಾಡುವ ಮನಸ್ಸು ಇರಲಿ ಬಿಡಲಿ, ಬೋರ್ಡಿನ ಮೇಲಿನ ಹಳೇ ಬ್ಯಾಟರಿಯನ್ನು ಇವತ್ತೇ ತೆಗೆಯಿರಿ. 286, 386, 486 (ಇಂಟೆಲ್ ಪ್ರೊಸೆಸರಿನ ಹಳೇ ತಲೆಮಾರುಗಳು) ಬೋರ್ಡುಗಳಲ್ಲಿ, ಅಮಿಗಾ 4000ದಂಥ ಯಂತ್ರಗಳಲ್ಲಿ, ಪೀಪಾಯಿ ಆಕಾರದ 3.6 ವೋಲ್ಟಿನ ನಿಕ್ಕೆಲ್ ಕ್ಯಾಡ್ಮಿಯಂ ಬ್ಯಾಟರಿಯನ್ನು ನೇರವಾಗಿ ಬೆಸೆದಿರುತ್ತಾರೆ. ಅದರೊಳಗಿರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಕಟು ಕ್ಷಾರ. ಸೋರಿದರೆ ತಾಮ್ರದ ಟ್ರ್ಯಾಕನ್ನು (ಬೋರ್ಡಿನ ಮೇಲಿನ ವಿದ್ಯುತ್ ಗೆರೆ) ತಿನ್ನುತ್ತಾ ಹೋಗುತ್ತದೆ. ಹಳೇ ಮ್ಯಾಕಿಂಟಾಷುಗಳಲ್ಲಿರುವುದು ಅರ್ಧ ಎಎ ಅಳತೆಯ ಲಿಥಿಯಂ ಬ್ಯಾಟರಿ. ಅದು ಒಡೆದರೆ ಬೋರ್ಡಿನ ಜೊತೆ ಒಳಗಿನ ಲೋಹದ ಚೌಕಟ್ಟೂ ತುಕ್ಕಿನ ಪುಡಿಯಾಗುತ್ತದೆ.

ನನ್ನ ಬಳಿ ಒಂದು 386 ಬೋರ್ಡ್ ಇದೆ. ಕೈಗೆ ಬಂದಾಗ ಬ್ಯಾಟರಿಯ ಸುತ್ತ ನೀಲಿಹಸಿರು ಬಣ್ಣದ ಕಿಟ್ಟ ಕಟ್ಟಿತ್ತು. ಬ್ಯಾಟರಿ ಇರುವುದೇ ಕೀಬೋರ್ಡ್ ಸಾಕೆಟ್ಟಿನ ಪಕ್ಕದಲ್ಲಿ. ಕತ್ತರಿಸಿ ತೆಗೆದು, ಬಿಳಿ ವಿನೆಗರಿನಲ್ಲಿ ಅದ್ದಿದ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದೆ. ಕ್ಷಾರಕ್ಕೆ ಹುಳಿ ತಾಗಿದ ಕಡೆ ಸಣ್ಣಗೆ ನೊರೆ ಎದ್ದಿತು. ನೊರೆ ನಿಂತ ಮೇಲೆ ನೀರಿನಿಂದ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಎರಡು ದಿನ ಒಣಗಲು ಬಿಟ್ಟೆ. ಆನ್ ಮಾಡಿದಾಗ ಡಿಸ್‌ಪ್ಲೇ ಬಂತು, ಆದರೆ ಕೀಬೋರ್ಡ್ ಎರರ್. ಕೀಬೋರ್ಡ್ ಬದಲಿಸಿದೆ, ಅದೇ ಎರರ್. ಭೂತಗನ್ನಡಿ ಹಿಡಿದು ನೋಡಿದರೆ ಹಸಿರು ಲೇಪನದ ಕೆಳಗೆ ಒಂದು ಟ್ರ್ಯಾಕ್ ಕಪ್ಪಾಗಿತ್ತು. ಮಲ್ಟಿಮೀಟರಿನ ಬೀಪ್ ಇಟ್ಟು ಸಾಕೆಟ್ಟಿನ ಪಿನ್ನಿನಿಂದ ಕೀಬೋರ್ಡ್ ಕಂಟ್ರೋಲರ್ ಐಸಿಯವರೆಗೆ ಮುಟ್ಟಿಸಿದೆ, ಸದ್ದಿಲ್ಲ. 30 ಗೇಜಿನ ತೆಳು ವೈರನ್ನು ಬೋರ್ಡಿನ ಹಿಂಬದಿಯಲ್ಲಿ ಎರಡು ಕೊನೆಗೂ ಬೆಸೆದಾಗ ಕೀಬೋರ್ಡ್ ಬಂತು. ಇಡೀ ರಿಪೇರಿಯಲ್ಲಿ ಕಷ್ಟವಾದದ್ದು ಬೆಸುಗೆ. ಕ್ಷಾರ ತಿಂದ ಬೆಸುಗೆ ಬೂದುಬಣ್ಣಕ್ಕೆ ತಿರುಗಿ ಕರಗುವುದೇ ಇಲ್ಲ. ಮೊದಲು ಕೆರೆದು, ಬೆಸುಗೆ ಹರಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ಹೊಸ ಬೆಸುಗೆ ಸೇರಿಸಿದ ಮೇಲಷ್ಟೇ ಬಾಗುತ್ತದೆ.

ತೆಗೆದ ಬ್ಯಾಟರಿಯ ಜಾಗಕ್ಕೆ ಏನು ಹಾಕಬೇಕು? ಅದೇ ನಿಕ್ಕೆಲ್ ಕ್ಯಾಡ್ಮಿಯಂ ಮತ್ತೆ ಬೇಡ. ಸಿಆರ್2032 ನಾಣ್ಯದ ಸೆಲ್ಲನ್ನು ಹೋಲ್ಡರಿನಲ್ಲಿ ಕೂರಿಸುವವರು ಬಹಳ ಜನ. ಆದರೆ ಬೋರ್ಡು ಹಳೇ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿತ್ತು, ನಾಣ್ಯದ ಸೆಲ್ಲನ್ನು ಚಾರ್ಜ್ ಮಾಡಬಾರದು. ಹಾಗಾಗಿ ನಡುವೆ ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಹಾಕಲೇಬೇಕು. ನನಗೆ ಇಷ್ಟವಾದದ್ದು ಬೋರ್ಡಿನ ಮೇಲೆ ಇರುವ ನಾಲ್ಕು ಪಿನ್ನಿನ ಹೊರ ಬ್ಯಾಟರಿ ಕನೆಕ್ಟರ್. ಎಲ್ಲ ಬೋರ್ಡಿನಲ್ಲೂ ಇರುವುದಿಲ್ಲ. ಇದ್ದರೆ ಎಷ್ಟು ವೋಲ್ಟ್ ಬೇಕು, ಜಂಪರ್ ಹೇಗಿರಬೇಕು ಎಂದು ಮ್ಯಾನ್ಯುಯಲ್ಲಿನಲ್ಲಿ ನೋಡಿ, ಉದ್ದ ವೈರಿನಲ್ಲಿ ಬ್ಯಾಟರಿಯನ್ನು ಬೋರ್ಡಿನಿಂದ ದೂರ ಇಡಿ. ಮುಂದೊಂದು ದಿನ ಸೋರಿದರೂ ಸೋರುವುದು ಕ್ಯಾಬಿನೆಟ್ಟಿನ ತಗಡಿನ ಮೇಲೆ. ಬೆಸುಗೆಯೂ ಬೇಕಿಲ್ಲ.

ಎಸ್‌ಎಂಪಿಎಸ್: ಎಲ್ಲರೂ ಬೇಗ ತಪ್ಪು ತಿಳಿಯುವ ಭಾಗ

ಸ್ವಿಚ್ ಹಾಕಿದರೆ ಫ್ಯಾನ್ ಒಮ್ಮೆ ಮಿಸುಕಿ ನಿಲ್ಲುತ್ತದೆ. ಎಸ್‌ಎಂಪಿಎಸ್ (ಮೇನ್ಸ್ ಕರೆಂಟನ್ನು ಯಂತ್ರಕ್ಕೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸುವ ಡಬ್ಬಿ) ಹೋಯಿತು ಎಂದು ತೀರ್ಮಾನಿಸಿಬಿಡುತ್ತೇವೆ. ಹಲವು ಸಲ ಹೋಗಿರುವುದು ಅದಲ್ಲ. 1981ರ ಐಬಿಎಂ ಪಿಸಿ 5150 ಮತ್ತು ಅದರ ನಂತರದ ಎಕ್ಸ್‌ಟಿಗಳಲ್ಲಿ 12 ವೋಲ್ಟಿನ ಸಾಲಿನ ಮೇಲೆ ಟ್ಯಾಂಟಲಮ್ ಕೆಪಾಸಿಟರುಗಳಿವೆ. ವಯಸ್ಸಾದ ಟ್ಯಾಂಟಲಮ್ ಕೆಡುವುದು ಶಾರ್ಟ್ ಆಗಿ. ಶಾರ್ಟ್ ಕಂಡ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಕೈಕಟ್ಟಿ ಕೂರುತ್ತದೆ. ಆದ್ದರಿಂದ ಮೊದಲು ಕನೆಕ್ಟರ್ ಬಿಚ್ಚಿ, ಬೋರ್ಡಿನ ಪವರ್ ಪಿನ್ನುಗಳಿಗೂ ಗ್ರೌಂಡಿಗೂ ನಡುವೆ ಓಮ್ ಅಳೆಯಿರಿ. ಸೊನ್ನೆಗೆ ಹತ್ತಿರ ತೋರಿಸಿದರೆ ಕಾರ್ಡುಗಳನ್ನೂ ಡ್ರೈವುಗಳನ್ನೂ ಒಂದೊಂದಾಗಿ ಕಳಚಿ ಮತ್ತೆ ಅಳೆಯಿರಿ. ಕಳ್ಳ ಸಿಕ್ಕುತ್ತಾನೆ.

ಇನ್ನೊಂದು ವಿಷಯ: ಆ ಕಾಲದ ಬಹಳಷ್ಟು ಎಸ್‌ಎಂಪಿಎಸ್‌ಗಳು ಲೋಡ್ ಇಲ್ಲದೆ ಏಳುವುದಿಲ್ಲ. ಮೇಜಿನ ಮೇಲೆ ಬರಿದೇ ಇಟ್ಟು ಪರೀಕ್ಷಿಸಿ ಸತ್ತಿದೆ ಎನ್ನಬೇಡಿ, ಒಂದು ಹಳೇ ಹಾರ್ಡ್ ಡಿಸ್ಕನ್ನಾದರೂ ಜೋಡಿಸಿ ನೋಡಿ.

ಅದೇ ಕೆಟ್ಟಿದೆ ಎಂದು ಖಚಿತವಾದರೆ ಎರಡು ದಾರಿ. ಒಳಗಿನದ್ದನ್ನು ರಿಪೇರಿ ಮಾಡುವುದು ಒಂದು. 230 ವೋಲ್ಟ್ ಮೇನ್ಸ್ ಇರುವಲ್ಲಿ ಅದರ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಅದನ್ನು ಮೀಟರಿನಿಂದ ಅಳೆದು, ರೆಸಿಸ್ಟರ್ ಮೂಲಕ ಇಳಿಸುವುದು ಗೊತ್ತಿಲ್ಲದವರು ಡಬ್ಬಿ ತೆರೆಯಬಾರದು. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸವನ್ನು ಯಾರಿಂದಲೂ ಕಲಿಯಬೇಡಿ. ಗೊತ್ತಿದ್ದವರು ಒಳಗೆ ಹೋದರೆ ಮೊದಲು ಮೇನ್ಸ್ ಬರುವ ಕಡೆ ಕಣ್ಣಾಡಿಸಿ: ಪಾರದರ್ಶಕ ಹಳದಿ ಮೈಯಲ್ಲಿ ಕೂದಲೆಳೆಯ ಬಿರುಕು ಬಿಟ್ಟ ರೀಫಾ ಕಾಗದದ ಕೆಪಾಸಿಟರ್ ಕಂಡರೆ ಅದನ್ನು ಅಷ್ಟೇ ಮೈಕ್ರೊಫ್ಯಾರಡ್‌ನ, ಅದರ ಮೇಲೆ ಬರೆದ ಸುರಕ್ಷತಾ ದರ್ಜೆಯದರಿಂದಲೇ (ಎಕ್ಸ್ ಇದ್ದರೆ ಎಕ್ಸ್2, ವೈ ಇದ್ದರೆ ವೈ2) ಬದಲಿಸಿ. ಬಿಬಿಸಿ ಮೈಕ್ರೊದಂಥ ಯಂತ್ರಗಳಲ್ಲಿ ಢಮ್ ಎಂದು ಸದ್ದಾಗಿ ಕೋಣೆ ತುಂಬ ನಾರುವ ಹೊಗೆ ತುಂಬುವುದು ಇದರಿಂದಲೇ.

ಎರಡನೆಯದು ಹೊಸ ಎಟಿಎಕ್ಸ್ (ಇಂದಿನ ಪಿಸಿಗಳ ಮಾದರಿ) ಎಸ್‌ಎಂಪಿಎಸ್ ತಂದು ಅಡಾಪ್ಟರ್ ಕೇಬಲ್ ಮೂಲಕ ಜೋಡಿಸುವುದು. ಮನೆಯಲ್ಲಿ ಕೆಲಸ ಮಾಡುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಹಳೇದನ್ನು ಹಾಗೇ ಎತ್ತಿಟ್ಟರೆ ಬೇಕಾದಾಗ ವಾಪಸ್ ಹಾಕಬಹುದು. ಎರಡು ಎಚ್ಚರ ಸಾಕು. ಇಂದಿನ ಎಸ್‌ಎಂಪಿಎಸ್‌ಗಳಲ್ಲಿ ಮೈನಸ್ 5 ವೋಲ್ಟ್ ಇರುವುದಿಲ್ಲ. ಕೆಲವು ಹಳೇ ಐಎಸ್‌ಎ ಸೌಂಡ್ ಕಾರ್ಡುಗಳಿಗೆ ಅದು ಬೇಕು. ಮತ್ತೆ ಇಂದಿನವು ತಮ್ಮ ಶಕ್ತಿಯನ್ನೆಲ್ಲ 12 ವೋಲ್ಟಿಗೆ ಇಟ್ಟುಕೊಂಡಿವೆ, ಹಳೇ ಯಂತ್ರ ಉಣ್ಣುವುದು 5 ವೋಲ್ಟಿನಲ್ಲಿ. ಲೇಬಲ್ಲಿನಲ್ಲಿ 5 ವೋಲ್ಟಿನ ಎದುರು ಎಷ್ಟು ಆಂಪಿಯರ್ ಬರೆದಿದೆ ನೋಡಿ. ಎಟಿ (ಎಟಿಎಕ್ಸ್‌ಗಿಂತ ಹಿಂದಿನ ಮಾದರಿ) ಬೋರ್ಡಿಗೆ ಪಿ8, ಪಿ9 ಎಂಬ ಎರಡು ಪವರ್ ಕನೆಕ್ಟರ್ ಸಿಕ್ಕಿಸುವಾಗ ಕಪ್ಪು ವೈರುಗಳು ನಡುವೆ ಅಕ್ಕಪಕ್ಕ ಬರಬೇಕು. ಅದಲುಬದಲಾದರೆ ಬೋರ್ಡ್ ಸುಡುತ್ತದೆ. ಹಳೇ ಎಟಿ ಕ್ಯಾಬಿನೆಟ್ಟಿನ ಮುಂದಿನ ಸ್ವಿಚ್ಚಿಗೆ ಮೇನ್ಸ್ ಕರೆಂಟೇ ಬರುತ್ತದೆ ಎಂಬುದನ್ನೂ ಮರೆಯಬೇಡಿ.

ಕಮೊಡೋರ್ 64ರ ಹೊರಗಿನ ಪವರ್ ಇಟ್ಟಿಗೆಯ ವಿಷಯದಲ್ಲಿ ಯೋಚನೆಯೇ ಬೇಡ. ಅಂಟು ಸುರಿದು ಮುಚ್ಚಿದ ಆ ಡಬ್ಬಿಯಲ್ಲಿ ರೆಗ್ಯುಲೇಟರ್ ಕೆಟ್ಟಾಗ 5 ವೋಲ್ಟ್ ಮೇಲಕ್ಕೇರಿ ರ‍್ಯಾಮ್ ಚಿಪ್ಪುಗಳನ್ನು ಸುಡುತ್ತದೆ. ಹೊಸದನ್ನೇ ಹಾಕಿ.

ಕೆಪಾಸಿಟರ್: ಎಲ್ಲ ಬದಲಿಸಬೇಕೋ, ಕೆಟ್ಟದ್ದಷ್ಟೋ?

ಹಳೇ ಬೋರ್ಡ್ ಕಂಡ ಕೂಡಲೇ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕುವವರಿದ್ದಾರೆ. ಓಡುತ್ತಿರುವುದನ್ನು ಮುಟ್ಟಬೇಡ ಎನ್ನುವವರೂ ಇದ್ದಾರೆ. ಇಬ್ಬರೂ ಅರ್ಧ ಸರಿ. ನೋಡಬೇಕಾದದ್ದು ಕೆಪಾಸಿಟರಿನ ಜಾತಿ ಮತ್ತು ಕಾಲ.

1980ರ ದಶಕದ ಕೊನೆ ಮತ್ತು 90ರ ಮೊದಲ ವರ್ಷಗಳ ಸರ್ಫೇಸ್ ಮೌಂಟ್ (ಬೋರ್ಡಿನ ಮೇಲ್ಮೈಗೇ ಬೆಸೆದ) ಎಲೆಕ್ಟ್ರೊಲಿಟಿಕ್ (ಒಳಗೆ ದ್ರವವಿರುವ) ಕೆಪಾಸಿಟರ್ ಆಗಿದ್ದರೆ, ಅಂದರೆ ಮ್ಯಾಕಿಂಟಾಷ್ ಎಸ್‌ಇ/30, ಅಮಿಗಾ 600, 1200 ಮುಂತಾದವುಗಳಲ್ಲಿರುವ ಪುಟ್ಟ ಬೆಳ್ಳಿ ಡಬ್ಬಿಗಳಾಗಿದ್ದರೆ, ಎಲ್ಲವನ್ನೂ ಬದಲಿಸಿ. ಮೇಲೆ ಉಬ್ಬದೆ ಕೆಳಗಿನಿಂದ ಸದ್ದಿಲ್ಲದೆ ಸೋರುತ್ತವೆ. ಐರನ್ ತಾಗಿಸಿದಾಗ ಮೀನಿನ ವಾಸನೆ ಬಂದರೆ ಸೋರಿದೆ ಎಂದೇ ಅರ್ಥ. ಹಿಡಿದು ತಿರುಚಿ ಕೀಳುವ ಪದ್ಧತಿಯೊಂದಿದೆ. ಸೋರಿದ ದ್ರವ ಪ್ಯಾಡಿನ (ಕಾಲು ಬೆಸೆಯುವ ತಾಮ್ರದ ತುಣುಕು) ಹಿಡಿತ ಸಡಿಲಿಸಿದ್ದರೆ ಕೆಪಾಸಿಟರಿನ ಜೊತೆ ಪ್ಯಾಡೂ ಎದ್ದು ಬರುತ್ತದೆ. ಎರಡು ಐರನ್ ಹಿಡಿದು ಎರಡೂ ಕಾಲನ್ನು ಒಟ್ಟಿಗೆ ಕರಗಿಸಿ ಎತ್ತುವುದು ನಿಧಾನವಾದರೂ ಕ್ಷೇಮ.

ಸುಮಾರು 1999ರಿಂದ 2007ರವರೆಗಿನ ಬೋರ್ಡುಗಳದ್ದು ಇನ್ನೊಂದು ಕಥೆ. ಕೆಟ್ಟ ಎಲೆಕ್ಟ್ರೊಲೈಟ್ ತುಂಬಿದ ಕೆಪಾಸಿಟರುಗಳು ಆಗ ಜಗತ್ತಿನ ಉದ್ದಗಲಕ್ಕೂ ಬೋರ್ಡುಗಳನ್ನು ಸೇರಿದ್ದವು. ಪ್ರೊಸೆಸರಿನ ಸುತ್ತ ಸಾಲಾಗಿ ನಿಂತಿರುವವುಗಳ ತಲೆ ಉಬ್ಬಿರುತ್ತದೆ, ಕಂದು ಕಿಟ್ಟ ಹೊರಬಂದಿರುತ್ತದೆ. ಒಂದು ಉಬ್ಬಿದ್ದರೂ ಅದೇ ತಯಾರಿಕೆಯ ಎಲ್ಲವನ್ನೂ ತೆಗೆಯಿರಿ. ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದ್ದು, ಲೋ ಇಎಸ್‌ಆರ್ (ಒಳಗಿನ ಪ್ರತಿರೋಧ ಕಡಿಮೆ ಇರುವುದು). ಇದು ಹೊಸಬರಿಗೆ ಕೈ ಕುದುರಿಸಿಕೊಳ್ಳಲು ಒಳ್ಳೆಯ ಕೆಲಸವೂ ಹೌದು: ಉದ್ದ ಕಾಲಿನ ಕೆಪಾಸಿಟರುಗಳು, ದೊಡ್ಡ ರಂಧ್ರಗಳು, ಕೆಟ್ಟಿರುವುದು ಕಣ್ಣಿಗೇ ಕಾಣುತ್ತದೆ.

1980ರ ದಶಕದ ಮೊದಲರ್ಧದ ಬೋರ್ಡಿನಲ್ಲಿ ರಂಧ್ರಕ್ಕೆ ಇಳಿಸಿ ಬೆಸೆದ ಕೆಪಾಸಿಟರುಗಳಿದ್ದರೆ, ಅಳೆದು ನೋಡಿ ಕೆಟ್ಟದ್ದನ್ನಷ್ಟೇ ಬದಲಿಸಿ. ಚೆನ್ನಾಗಿರುವ ಹತ್ತನ್ನು ಕೀಳುವ ಭರದಲ್ಲಿ ಒಂದು ಟ್ರ್ಯಾಕ್ ಹರಿದರೆ ಅದು ನೀವೇ ತಂದುಕೊಂಡ ಹೊಸ ರೋಗ.

ಮದರ್‌ಬೋರ್ಡ್: ಬೆಸುಗೆಯೋ, ಬದಲಿ ಬೋರ್ಡೋ?

ಅದಕ್ಕೂ ಮೊದಲು ಸಾಕೆಟ್ಟಿನಲ್ಲಿರುವ ಐಸಿಗಳನ್ನು ಒತ್ತಿ ಕೂರಿಸಿ. ವರ್ಷಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಅವು ಮೇಲಕ್ಕೆದ್ದಿರುತ್ತವೆ. ರ‍್ಯಾಮನ್ನೂ ಕಾರ್ಡುಗಳನ್ನೂ ಬಿಚ್ಚಿ, ಅಂಚನ್ನು ಒರೆಸಿ, ಮತ್ತೆ ಹಾಕಿ. ಚಿನ್ನದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಎಲ್ಲರಿಗೂ ರೂಢಿ, ಅದರಿಂದ ಎಷ್ಟೋ ಯಂತ್ರ ಎದ್ದಿವೆ ಎಂಬುದೂ ನಿಜ. ಆದರೆ ಆ ಲೇಪನ ಬಲು ತೆಳು. ಐಸೊಪ್ರೊಪೈಲಿನಲ್ಲಿ ಅದ್ದಿದ ಬಟ್ಟೆಯಿಂದ ಹೋಗದಿದ್ದರೆ ಮಾತ್ರ ರಬ್ಬರ್ ಹಿಡಿಯಿರಿ, ಪುಡಿ ಸ್ಲಾಟಿಗೆ ಬೀಳದ ಹಾಗೆ ನೋಡಿಕೊಳ್ಳಿ.

ಎಟಿ ಕಾಲದಿಂದೀಚಿನ ಪಿಸಿಗಳಿಗೆ ಪೋಸ್ಟ್ ಕಾರ್ಡ್ (ಅಂಚೆಯದ್ದಲ್ಲ, ಆನ್ ಆದಾಗಿನ ಸ್ವಯಂ ಪರೀಕ್ಷೆಯನ್ನು ತೋರಿಸಲು ಸ್ಲಾಟಿಗೆ ಹಾಕುವ ಕಾರ್ಡ್) ಬಹಳ ಉಪಕಾರಿ. ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಪ್ರತಿ ಹಂತದಲ್ಲೂ ಒಂದು ಸಂಖ್ಯೆ ಕಳಿಸುತ್ತದೆ, ಕಾರ್ಡು ಅದನ್ನು ಎರಡಂಕಿಯಲ್ಲಿ ತೋರಿಸುತ್ತದೆ. ಎಲ್ಲಿ ನಿಂತಿತೋ ಅಲ್ಲಿ ದೋಷ. ಸಂಖ್ಯೆಯ ಅರ್ಥ ಎಎಂಐ ಕಂಪನಿಯ ಬಯಾಸಿಗೆ ಬೇರೆ, ಅವಾರ್ಡಿನದ್ದಕ್ಕೆ ಬೇರೆ. 5150ಕ್ಕೂ ಎಕ್ಸ್‌ಟಿಗೂ ರೂಡ್ಸ್ ಡಯಾಗ್ನಾಸ್ಟಿಕ್ ರಾಮ್, ಅಮಿಗಾಗೆ ಡಯಾಗ್‌ರಾಮ್ ಇವೆ. ಬಯಾಸ್ ಚಿಪ್ಪಿನ (ಅಮಿಗಾದಲ್ಲಿ ಕಿಕ್‌ಸ್ಟಾರ್ಟ್ ಚಿಪ್ಪಿನ) ಜಾಗದಲ್ಲಿ ಕೂರಿಸಿದರೆ ಮೆಮೊರಿ ಕೆಟ್ಟಿದ್ದರೂ ಓಡಿ, ಯಾವ ಚಿಪ್ ಕೆಟ್ಟಿದೆ ಎಂದು ಹೇಳಬಲ್ಲವು.

ಚಿಪ್ಪೇ ಕೆಟ್ಟಿದ್ದರೆ ಯಂತ್ರದ ಹುಟ್ಟನ್ನು ನೋಡಬೇಕು. 5150 ಬೋರ್ಡನ್ನು ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಭಾಗಗಳಿಂದಲೇ ಕಟ್ಟಿದ್ದರು: 4.77 ಮೆಗಾಹರ್ಟ್ಜ್‌ನ ಇಂಟೆಲ್ 8088, ಸುತ್ತ 74 ಸರಣಿಯ ಲಾಜಿಕ್ ಐಸಿಗಳು. ಆ ಸರಣಿ ಇಂದಿಗೂ ತಯಾರಾಗುತ್ತದೆ, ಬೋರ್ಡನ್ನು ಬಿಡಿಬಿಡಿಯಾಗಿ ರಿಪೇರಿ ಮಾಡಬಹುದು. ಕಮೊಡೋರ್ 64ರ ವಿಡಿಯೊ ಚಿಪ್, ಶಬ್ದದ ಸಿಡ್ ಚಿಪ್ ಹಾಗಲ್ಲ. ಆ ಕಂಪನಿ 1994ರಲ್ಲೇ ದಿವಾಳಿಯಾಯಿತು, ಮೂಲ ಚಿಪ್ ಬರುವುದು ಹೆಚ್ಚಾಗಿ ಇನ್ನೊಂದು ಹಳೇ ಯಂತ್ರದಿಂದ. ಅಂಥ ಚಿಪ್ಪನ್ನು ಕೊಳ್ಳುವ ಮೊದಲು ಓಡುವ ಯಂತ್ರದಲ್ಲಿ ಪರೀಕ್ಷಿಸಿದ್ದೇ ಎಂದು ಕೇಳಿ. 386, 486 ಬೋರ್ಡಿನಲ್ಲಿ ಚಿಪ್‌ಸೆಟ್ಟೇ (ಬೋರ್ಡಿನ ಭಾಗಗಳನ್ನು ಒಟ್ಟಿಗೆ ನಡೆಸುವ ದೊಡ್ಡ ಚಿಪ್ಪುಗಳು) ಹೋಗಿದ್ದರೆ ನಾನು ಬೆಸುಗೆಗೆ ಕೂರುವುದಿಲ್ಲ. ನೂರಕ್ಕೂ ಮಿಕ್ಕಿದ ಸಣ್ಣ ಕಾಲುಗಳು, ಬದಲಿ ಚಿಪ್ ಬರುವುದೂ ಇನ್ನೊಂದು ಬೋರ್ಡಿನಿಂದಲೇ. ಹಾಗಿದ್ದ ಮೇಲೆ ಆ ಬೋರ್ಡನ್ನೇ ಹಾಕಿಬಿಡುವುದು ಮೇಲು.

ಡ್ರೈವುಗಳು

ಇಲ್ಲಿ ಹೊಸದರ ಕಡೆಗೇ ನನ್ನ ಮತ. ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡ್ (ಹಳೇ ಕ್ಯಾಮೆರಾಗಳ ಮೆಮೊರಿ ಕಾರ್ಡ್) ಐಡಿಇ ಭಾಷೆಯನ್ನೇ ಆಡುತ್ತದೆ, ಅಡಾಪ್ಟರಿನಲ್ಲಿರುವುದು ಬರೀ ವೈರಿನ ಜೋಡಣೆ. ಹಳೇ ಬಯಾಸ್ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್ ದಾಟಿ ಎಣಿಸದು. 512 ಬೈಟಿನ ಲೆಕ್ಕದಲ್ಲಿ ಅದು 504 ಮೆಗಾಬೈಟಿಗೆ ನಿಲ್ಲುತ್ತದೆ. ಚಿಕ್ಕ ಕಾರ್ಡ್ ಹುಡುಕಿ, ಇಲ್ಲವೇ ಈ ಮಿತಿ ದಾಟಿಸುವ ಎಕ್ಸ್‌ಟಿಐಡಿಇ ರಾಮ್ ಚಿಪ್ ಹಾಕಿ. ಸ್ಕಸಿ (ಹಳೇ ಮ್ಯಾಕುಗಳ ಡಿಸ್ಕ್ ಜೋಡಣೆ) ಇರುವ ಮ್ಯಾಕುಗಳಿಗೆ ಮೆಮೊರಿ ಕಾರ್ಡ್ ಹಾಕುವ ಬ್ಲೂಸ್ಕಸಿ, ಫ್ಲಾಪಿ ಜಾಗಕ್ಕೆ ಯುಎಸ್‌ಬಿ ಡ್ರೈವ್ ಹಾಕುವ ಗೋಟೆಕ್ ಇವೆ. ಮೂಲ ಡ್ರೈವಿನ ಇಮೇಜ್ ತೆಗೆದು, ಹೆಸರು ಬರೆದು, ಒಣ ಜಾಗದಲ್ಲಿಡಿ. ಕೈಯಲ್ಲಿ ನಿಜವಾದ ಫ್ಲಾಪಿಗಳಿದ್ದರೆ ಮಾತ್ರ ಹಳೇ ಫ್ಲಾಪಿ ಡ್ರೈವನ್ನು ಉಳಿಸಿಕೊಳ್ಳಿ. ಹೆಡ್ ಒರೆಸಿ, ಹಳಿಗಳ ಒಣಗಿದ ಗ್ರೀಸ್ ತೆಗೆದು ಹೊಸದು ಸವರಿದರೆ ಸಾಮಾನ್ಯವಾಗಿ ಸಾಕು.

ಮಾನಿಟರ್

ಸಿಆರ್‌ಟಿ (ಗಾಜಿನ ಕೊಳವೆಯ ಹಳೇ ಮಾನಿಟರ್) ತೆರೆಯಬೇಡಿ. ಕೊಳವೆಯ ಆನೋಡಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಪಕ್ಕದಲ್ಲಿ ನಿಂತು ಕಲಿಸುವವರು ಇಲ್ಲದಿದ್ದರೆ ಈ ಕೆಲಸ ಮನೆಯದ್ದಲ್ಲ. ಯಂತ್ರದಿಂದ ವಿಜಿಎ ಬರುತ್ತಿದ್ದರೆ ವಿಜಿಎ ಪೋರ್ಟ್ ಇರುವ ಎಲ್‌ಸಿಡಿಗೆ ನೇರ ಹಾಕಬಹುದು. ಸಿಜಿಎ, ಎಂಡಿಎ ಎಂಬ ವಿಜಿಎಗಿಂತ ಹಿಂದಿನ ವಿಡಿಯೊ ಕಾರ್ಡುಗಳು ತೆರೆಯ ಸಾಲುಗಳನ್ನು ಬಿಡಿಸುವ ವೇಗ ಸುಮಾರು 15.7 ಮತ್ತು 18.4 ಕಿಲೊಹರ್ಟ್ಜ್, ವಿಜಿಎಯದ್ದು 31.5. ಅವುಗಳಿಗೆ ನಡುವೆ ಪರಿವರ್ತಕ ಬೇಕು. ಒಳಗೇ ಮಾನಿಟರ್ ಇರುವ ಪುಟ್ಟ ಮ್ಯಾಕುಗಳಲ್ಲಿ ಬೋರ್ಡನ್ನು ಹೊರಗೆಳೆಯುವಾಗಲೇ ಕೊಳವೆಯ ಕುತ್ತಿಗೆಗೆ ತಾಗಿ ಮುರಿಯುವ ಭಯವಿದೆ, ಕೈ ನಿಧಾನವಿರಲಿ.

ಹಳದಿಯಾದ ಕ್ಯಾಬಿನೆಟ್ಟನ್ನು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳಿ ಮಾಡುವುದನ್ನು ಬಹಳ ಜನ ಕೇಳುತ್ತಾರೆ. ಒಮ್ಮೆ ಪಟ್ಟೆಪಟ್ಟೆಯಾದರೆ ಸರಿಮಾಡಲು ಬಾರದು, ಹಳದಿ ಮತ್ತೆ ಮರಳುವುದೂ ಉಂಟು. ನಾನು ಸೋಪುನೀರಿನಲ್ಲಿ ತೊಳೆದು ಬಿಡುತ್ತೇನೆ.

ಬಲ್ಲವರ ಕೈಗೆ ಯಾವಾಗ?

ಬಹುಪದರದ ಬೋರ್ಡಿನಲ್ಲಿ ಒಳಪದರದ ಟ್ರ್ಯಾಕ್ ಹರಿದಾಗ, ಮಾನಿಟರ್ ಕೆಟ್ಟಾಗ, ಯಂತ್ರ ಅಪರೂಪದ್ದಾಗಿದ್ದು ಬೆಸುಗೆ ನಿಮಗೆ ಹೊಸದಾಗಿದ್ದಾಗ. ಕೊಡುವ ಮುಂಚೆ ಬ್ಯಾಟರಿ ತೆಗೆಯಿರಿ, ಫೋಟೋಗಳನ್ನು ಜೊತೆಗೆ ಕೊಡಿ, ತೆಗೆದ ಭಾಗಗಳೆಲ್ಲ ವಾಪಸ್ ಬೇಕು ಎಂದು ಮೊದಲೇ ಹೇಳಿ. ಏನೇನು ಮಾಡಿ ನೋಡಿದಿರಿ ಎಂಬುದನ್ನು ಮುಚ್ಚಿಡಬೇಡಿ. ಅರ್ಧ ಕೆಲಸ ಉಳಿಯುವುದು ಅದರಿಂದಲೇ.

ಮನೆಯಲ್ಲೇ ಮಾಡುವುದಾದರೆ ಮಲ್ಟಿಮೀಟರ್, ಶಾಖ ಹೊಂದಿಸಬಹುದಾದ ಐರನ್, ಒಳ್ಳೆಯ ಫ್ಲಕ್ಸ್, ಬೆಸುಗೆ ಹೀರುವ ಪಂಪ್ ಮತ್ತು ವಿಕ್, ಸೀಸ ಬೆರೆತ ಬೆಸುಗೆ ತಂತಿ ಬೇಕು. ಆ ಕಾಲದ ಬೋರ್ಡುಗಳದ್ದು ಸೀಸದ ಬೆಸುಗೆ, ಸೀಸವಿಲ್ಲದ್ದು ಅದರ ಜೊತೆ ಹೊಂದುವುದಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಮೊದಲ ಸಲ ಆನ್ ಮಾಡುವಾಗ ಮೇನ್ಸ್ ಸಾಲಿನಲ್ಲಿ ಹಳೇ ಫಿಲಮೆಂಟ್ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕಿ; ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪ್ರಕಾಶವಾಗಿ ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಒಮ್ಮೆ ಮಿನುಗಿ ಮಂಕಾದರೆ ಬಲ್ಬ್ ತೆಗೆದು ನೇರ ಕೊಡಿ, 5 ಮತ್ತು 12 ವೋಲ್ಟನ್ನು ಅಳೆಯಿರಿ. 5 ವೋಲ್ಟ್ 5.25ರ ಮೇಲೆ ಹೋದರೆ ಆ ಕ್ಷಣ ಆರಿಸಿ. ಸರಿಯಿದ್ದರೆ ಒಂದು ಗಂಟೆ ಓಡಲು ಬಿಟ್ಟು, ಮತ್ತೆ ಅಳೆಯಿರಿ. ಆಮೇಲೆ ಒಂದು ಚೀಟಿಯಲ್ಲಿ ಏನು ಬದಲಿಸಿದಿರಿ, ಯಾವ ದಿನ, ಹಳೇ ಭಾಗ ಎಲ್ಲಿಟ್ಟಿದ್ದೀರಿ ಎಂದು ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ, ಕವರ್ ಹಾಕಿ.